8 ಗಂಟೆ 5 ನಿಮಿಷದ ಮುನ್ನಡೆ

2024ರ ಅಕ್ಟೋಬರ್ 15ರಂದು ಮಹಾರಾಷ್ಟ್ರ ಮತ್ತು ಜಾರ್ಖಂಡ್ ಚುನಾವಣೆಯ ದಿನಾಂಕ ಪ್ರಕಟಿಸಲು ಕೂತಿದ್ದ ಆಗಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್, ಮಾತಿನ ನಡುವೆ ಟಿವಿ ಚಾನೆಲ್‌ಗಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಇವಿಎಂ ಎಣಿಕೆ ಶುರುವಾಗುವುದೇ 8.30ಕ್ಕೆ, 8.05ಕ್ಕೆ, 8.10ಕ್ಕೆ ನಿಮ್ಮ ಪರದೆಯಲ್ಲಿ ಮುನ್ನಡೆ ಬರುವುದು ಎಲ್ಲಿಂದ ಎಂದು ಕೇಳಿದರು. ಎಕ್ಸಿಟ್ ಪೋಲ್ ಸರಿ ಎಂದು ತೋರಿಸಿಕೊಳ್ಳಲು ಹೀಗೆ ಮಾಡುತ್ತೀರಾ ಎಂಬ ಅನುಮಾನವನ್ನೂ ಎತ್ತಿದರು. ಅದಕ್ಕೆ ಒಂದು ವಾರ ಮುಂಚೆ ಹರಿಯಾಣದಲ್ಲಿ ನಡೆದದ್ದನ್ನು ಎಲ್ಲರೂ ನೋಡಿದ್ದರು. ಬೆಳಗ್ಗೆ ಕಾಂಗ್ರೆಸ್ ಭಾರೀ ಮುನ್ನಡೆ, ಕಚೇರಿ ಮುಂದೆ ಲಡ್ಡು, ಡೋಲು. ಸಂಜೆಗೆ ಬಿಜೆಪಿ 48, ಕಾಂಗ್ರೆಸ್ 37.

ನಾನು ಎಣಿಕೆ ದಿನ ಸುದ್ದಿ ಡೆಸ್ಕ್‌ನಲ್ಲಿ ಟ್ಯಾಲಿ, ಅಂದರೆ ಯಾವ ಪಕ್ಷ ಎಷ್ಟು ಕ್ಷೇತ್ರದಲ್ಲಿ ಮುಂದಿದೆ ಎಂಬ ಲೆಕ್ಕ, ನೋಡಿಕೊಳ್ಳುವ ಕೆಲಸದವನು. ಆಯುಕ್ತರ ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಉತ್ತರವೂ ಇದೆ. ಆದರೆ ಆ ಉತ್ತರದಲ್ಲಿ ಚಾನೆಲ್ ಮಾತ್ರ ಇಲ್ಲ, ನೋಡುವವರೂ ಇದ್ದಾರೆ.

ಮೊದಲು ನಂಬರ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಹೇಳುತ್ತೇನೆ. ಎಣಿಕೆ ಕೇಂದ್ರ ಸಾಮಾನ್ಯವಾಗಿ ಯಾವುದೋ ಕಾಲೇಜಿನಲ್ಲಿರುತ್ತದೆ. ಎಣಿಕೆ ಹಾಲ್‌ನ ಒಳಗೆ ವರದಿಗಾರ ಫೋನ್ ಒಯ್ಯುವಂತಿಲ್ಲ. ಮೀಡಿಯಾ ರೂಮ್‌ನಲ್ಲಿ ಕೂರಬೇಕು. ಒಳಗೆ ಮೇಜುಗಳ ಸುತ್ತ ಜಾಲರಿ. ಜಾಲರಿಯ ಈಚೆ ಪಕ್ಷಗಳ ಏಜೆಂಟರು ಹಾಳೆ, ಪೆನ್ ಹಿಡಿದು ಒಂದೊಂದು ಮಿಷನ್ ತೋರಿಸಿದ ಲೆಕ್ಕ ಬರೆದುಕೊಳ್ಳುತ್ತಾರೆ. ರೌಂಡ್ ಮುಗಿದ ಮೇಲೆ ಚುನಾವಣಾಧಿಕಾರಿ ತಾಳೆ ನೋಡಿ, ಸಹಿ ಹಾಕಿ, ಮೈಕ್‌ನಲ್ಲಿ ಹೇಳಿ, ಆಯೋಗದ ವೆಬ್‌ಸೈಟ್‌ಗೆ ಏರಿಸುವ ಹೊತ್ತಿಗೆ ಸಾಕಷ್ಟು ಸಮಯ ಹೋಗಿರುತ್ತದೆ. ಏಜೆಂಟ್ ಅಷ್ಟು ಕಾಯುವುದಿಲ್ಲ. ಹೊರಗೆ ಬಂದವನೇ "ನಮ್ದು ಎರಡು ಸಾವಿರ ಲೀಡ್" ಎನ್ನುತ್ತಾನೆ. ಮುಂದಿರುವ ಪಕ್ಷದ ಏಜೆಂಟ್ ಜೋರಾಗಿ ಹೇಳುತ್ತಾನೆ, ಹಿಂದಿರುವವನು ಕಾಫಿ ಕುಡಿಯಲು ಹೋಗಿರುತ್ತಾನೆ. ಒಳ್ಳೆಯ ಸ್ಟ್ರಿಂಗರ್ (ಅರೆಕಾಲಿಕ ಸ್ಥಳೀಯ ವರದಿಗಾರ) ಇಬ್ಬರನ್ನೂ ಹಿಡಿದು ಕೇಳುತ್ತಾನೆ. ಆತುರದವನು ಒಬ್ಬನನ್ನೇ ಕೇಳಿ ಡೆಸ್ಕ್‌ಗೆ ಫೋನ್ ಮಾಡುತ್ತಾನೆ. ಡೆಸ್ಕ್‌ನ ಹುಡುಗ ಕ್ಷೇತ್ರದ ಹೆಸರಿನ ಮುಂದೆ ಪಕ್ಷದ ಬಣ್ಣ ತುಂಬುತ್ತಾನೆ. ಪರದೆಯ ಮೇಲೆ ನಂಬರ್ ಒಂದು ಏರುತ್ತದೆ.

ಇದು 9 ಗಂಟೆಯ ಕಥೆ. 8.05ರದ್ದು ಬೇರೆ. ಆಗ ಬಿಚ್ಚುತ್ತಿರುವುದು ಅಂಚೆ ಮತಗಳ ಲಕೋಟೆ. ಅಷ್ಟು ಬೇಗ 60 ಕ್ಷೇತ್ರದ ಮುನ್ನಡೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಎಲ್ಲ ಚಾನೆಲ್‌ಗಳೂ ಹೀಗೇ ಮಾಡುತ್ತವೆ ಎನ್ನಲಾರೆ. ಆದರೆ ನಮ್ಮ ವೃತ್ತಿಯಲ್ಲಿರುವವರಿಗೆ ಈ ರೂಢಿ ಗೊತ್ತು: ಹಿಂದಿನ ಚುನಾವಣೆ ನೋಡಿ, ಎಕ್ಸಿಟ್ ಪೋಲ್ ನೋಡಿ, "ಭದ್ರಕೋಟೆ" ಎನಿಸಿಕೊಂಡ ಕ್ಷೇತ್ರಗಳನ್ನು ಮೊದಲೇ ತುಂಬಿಟ್ಟುಕೊಳ್ಳುವುದು. ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಮುಂದಿದ್ದಾರೆ ಎಂದರೆ ಯಾರು ತಕರಾರು ಮಾಡುತ್ತಾರೆ? ಅಲ್ವಾ? 2023ರಲ್ಲಿ ಅವರು ಒಂದು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು, ಸರಿಯೇ ಆಯಿತು. ಆದರೆ ಅದೇ ಚುನಾವಣೆಯಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮಗ ವಿಜಯೇಂದ್ರ ಗೆದ್ದದ್ದು ಸುಮಾರು 11 ಸಾವಿರ ಮತಗಳಿಂದ, ಅದೂ ಪಕ್ಷೇತರನ ಎದುರು ಬೆವರಿಳಿಸಿ. ಹುಬ್ಬಳ್ಳಿಯಲ್ಲಿ ಆರು ಸಲ ಗೆದ್ದಿದ್ದ ಜಗದೀಶ ಶೆಟ್ಟರ್ ಪಕ್ಷ ಬದಲಿಸಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಭದ್ರಕೋಟೆ ಯಾರದ್ದು, ವ್ಯಕ್ತಿಯದ್ದಾ ಪಕ್ಷದ್ದಾ ಎಂದು ಬೆಳಗ್ಗೆ 8 ಗಂಟೆಗೆ ಡೆಸ್ಕ್‌ನಲ್ಲಿ ಕೂತು ನಿರ್ಧರಿಸುವುದು ಹೇಗೆ?

ನಿಜವಾದ ಎಣಿಕೆ ಶುರುವಾದ ಮೇಲೂ ಮೊದಲ ಒಂದೆರಡು ಗಂಟೆಯ ಮುನ್ನಡೆ ಯಾಕೆ ಕೈಕೊಡುತ್ತದೆ ಎನ್ನುವುದು ಇನ್ನೂ ಮುಖ್ಯ. ಲೆಕ್ಕ ಸುಲಭ. ಒಂದು ಕ್ಷೇತ್ರದಲ್ಲಿ 250 ಬೂತ್ ಇವೆ ಎಂದುಕೊಳ್ಳಿ. ಸಾಮಾನ್ಯವಾಗಿ ಹಾಲ್‌ನಲ್ಲಿ 14 ಮೇಜು. ಒಂದು ರೌಂಡ್‌ಗೆ 14 ಬೂತ್. ಒಟ್ಟು 18 ರೌಂಡ್. ಮೊದಲ ರೌಂಡ್ ಮುಗಿದಾಗ ಎಣಿಸಿರುವುದು ನೂರಕ್ಕೆ ಆರು ಮತವೂ ಅಲ್ಲ. ಆದರೆ ತೊಂದರೆ ಇರುವುದು ಮತ ಕಡಿಮೆ ಎನ್ನುವುದರಲ್ಲಿ ಅಲ್ಲ. ಮಿಷನ್‌ಗಳು ಮೇಜಿಗೆ ಬರುವುದು ಬೂತ್ ಸಂಖ್ಯೆಯ ಪ್ರಕಾರ. ಬೂತ್ ಸಂಖ್ಯೆ ಹೋಗುವುದು ಕ್ಷೇತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ, ಊರಿನ ಪಕ್ಕದ ಊರು ಎಂಬಂತೆ. ಹಾಗಾಗಿ ಮೊದಲ ಮೂರು ರೌಂಡ್ ಎಂದರೆ ಬಹಳ ಕಡೆ ಒಂದೇ ಹೋಬಳಿ. ಅನ್ನ ಬೆಂದಿದೆಯಾ ಎಂದು ಒಂದು ಅಗುಳು ಹಿಸುಕಿ ಹೇಳಬಹುದು, ಪಾತ್ರೆಯಲ್ಲಿ ಶಾಖ ಎಲ್ಲ ಕಡೆ ಒಂದೇ ಇದ್ದರೆ. ನಮ್ಮ ಕ್ಷೇತ್ರಗಳಲ್ಲಿ ಹೋಬಳಿಯಿಂದ ಹೋಬಳಿಗೆ ಜಾತಿ ಬೇರೆ, ನೀರಾವರಿ ಬೇರೆ, ಅಭ್ಯರ್ಥಿಯ ನೆಂಟಸ್ತನ ಬೇರೆ. ಟೌನ್‌ನ ಬೂತ್‌ಗಳು ಬರುವವರೆಗೆ ಹಳ್ಳಿಯ ಲೀಡ್ ನಂಬಬೇಡ ಎಂದು ಹಳೇ ತಾಲ್ಲೂಕು ವರದಿಗಾರರು ಹೇಳುವುದು ಸುಮ್ನೆ ಅಲ್ಲ.

ಇದೆಲ್ಲ ಒಟ್ಟಿಗೆ ಆಡಿದ ದಿನ 2018ರ ಮೇ 15, ಕರ್ನಾಟಕ ವಿಧಾನಸಭೆಯ ಎಣಿಕೆ ದಿನ. ಆ ಸಲ ಮತದಾನ ನಡೆದಿದ್ದು 222 ಕ್ಷೇತ್ರಗಳಲ್ಲಿ, ಬಹುಮತಕ್ಕೆ ಬೇಕಿದ್ದುದು 112. ಬೆಳಗ್ಗೆಯೇ ಬಿಜೆಪಿಯ ಮುನ್ನಡೆ ಆ ಗೆರೆ ದಾಟಿತು. ಮಲ್ಲೇಶ್ವರದ ಪಕ್ಷದ ಕಚೇರಿ ಮುಂದೆ ಪಟಾಕಿ, ಸಿಹಿ. ಸ್ಟುಡಿಯೋಗಳಲ್ಲಿ ಸಂಪುಟಕ್ಕೆ ಯಾರು ಎಂಬ ಚರ್ಚೆ ಶುರು. ಮುಂಬೈ ಷೇರುಪೇಟೆಯಲ್ಲಿ ಸೆನ್ಸೆಕ್ಸ್ 400 ಅಂಕಕ್ಕೂ ಜಾಸ್ತಿ ಏರಿತು. ಮಧ್ಯಾಹ್ನ ಕಳೆದಂತೆ ಕಡಿಮೆ ಅಂತರದ ಕ್ಷೇತ್ರಗಳು ಒಂದೊಂದೇ ಜಾರಿ 104ಕ್ಕೆ ಬಂದು ನಿಂತಿತು. ಕಾಂಗ್ರೆಸ್ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಕೊಡುತ್ತೇವೆ ಎಂದಿತು. ಸೆನ್ಸೆಕ್ಸ್ ಕೂಡ ಇದ್ದಲ್ಲಿಗೇ ಇಳಿಯಿತು. 17ಕ್ಕೆ ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪ 19ಕ್ಕೆ ರಾಜೀನಾಮೆ ಕೊಟ್ಟರು. ಬೆಳಗಿನ ಆ ನಂಬರ್ ಸುಳ್ಳು ಎಂದು ನಾನು ಹೇಳುವುದಿಲ್ಲ. ಅಷ್ಟು ಕ್ಷೇತ್ರಗಳಲ್ಲಿ ಆ ಹೊತ್ತಿಗೆ ಮುಂದಿದ್ದದ್ದು ನಿಜವೇ. ಐನೂರು ಮತದ ಮುನ್ನಡೆಯನ್ನೂ ಐವತ್ತು ಸಾವಿರದ ಮುನ್ನಡೆಯನ್ನೂ ಒಂದೇ ಬಣ್ಣದ ಒಂದೇ ಚೌಕದಲ್ಲಿ ತೋರಿಸಿದ್ದು ಎಡವಟ್ಟು.

ಎಕ್ಸಿಟ್ ಪೋಲ್ ವಿಷಯಕ್ಕೆ ಬಂದರೆ, ಜನ ಅದನ್ನು ಬೈಯುವುದು ತಪ್ಪು ಕಾರಣಕ್ಕೆ. "ನನ್ನನ್ನಂತೂ ಯಾರೂ ಕೇಳಲಿಲ್ಲ" ಎನ್ನುತ್ತಾರೆ. ಕೇಳಬೇಕಾದ ಅಗತ್ಯವೂ ಇಲ್ಲ ಬಿಡಿ. ಕಷ್ಟ ಇರುವುದು ಮತದ ಪ್ರಮಾಣ ಹಿಡಿದು ಅದನ್ನು ಸೀಟಿಗೆ ತಿರುಗಿಸುವ ಜಾಗದಲ್ಲಿ. ಕರ್ನಾಟಕದಲ್ಲಂತೂ ಅದು ಹಗ್ಗದ ಮೇಲಿನ ನಡಿಗೆ. 2018ರಲ್ಲಿ ಕಾಂಗ್ರೆಸ್‌ಗೆ ಶೇಕಡ 38 ಮತ, ಬಿಜೆಪಿಗೆ 36. ಸೀಟು ನೋಡಿದರೆ ಕಾಂಗ್ರೆಸ್ 78, ಬಿಜೆಪಿ 104. ಐದು ವರ್ಷದ ನಂತರ ಬಿಜೆಪಿಯ ಮತ ಹೆಚ್ಚೂ ಕಮ್ಮಿ ಅದೇ 36. ಸೀಟು ಮಾತ್ರ 66. ಬಿಜೆಪಿಯ ಮತದಾರ ಅಲ್ಲಾಡದಿದ್ದರೂ ಪಕ್ಷ 38 ಸ್ಥಾನ ಕಳೆದುಕೊಂಡಿತು. ಮುಖ್ಯವಾಗಿ ಬದಲಾದದ್ದು ಎದುರಿನ ಲೆಕ್ಕ. ಜೆಡಿಎಸ್ ಶೇಕಡ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಸುಮಾರು 43ಕ್ಕೆ ಏರಿತು. ಬಿಜೆಪಿ ಬೆಂಬಲಿಗರನ್ನು ಎಷ್ಟೇ ಕರಾರುವಾಕ್ಕಾಗಿ ಎಣಿಸಿದ್ದರೂ, ಮೂರನೇ ಪಕ್ಷದ ಮತ ಎಲ್ಲಿಗೆ ಹೋಯಿತು ಎಂದು ಗೊತ್ತಾಗದಿದ್ದರೆ ಸೀಟಿನ ಅಂದಾಜು ಪೂರ್ತಿ ಕೆಡುತ್ತಿತ್ತು. ಬಹಳಷ್ಟು ಸಂಸ್ಥೆಗಳಿಗೆ ಆದದ್ದೂ ಅದೇ, ಅತಂತ್ರ ಎಂದರು.

ಆ ಸಲ ಕಾಂಗ್ರೆಸ್‌ಗೆ 122ರಿಂದ 140 ಎಂದು ಸರಿಯಾಗಿ ಹೇಳಿದ್ದು ಆಕ್ಸಿಸ್ ಮೈ ಇಂಡಿಯಾ. ಬಂದದ್ದು 135. ಮರುವರ್ಷ ಜೂನ್ 1ರಂದು ಅದೇ ಸಂಸ್ಥೆ ಲೋಕಸಭೆಯಲ್ಲಿ ಎನ್‌ಡಿಎಗೆ 361ರಿಂದ 401 ಎಂದಿತು. ಜೂನ್ 3ರಂದು ಸೆನ್ಸೆಕ್ಸ್ ಸುಮಾರು 2,500 ಅಂಕ ಜಿಗಿಯಿತು. ಜೂನ್ 4ರಂದು ಎನ್‌ಡಿಎ 293ಕ್ಕೆ ನಿಂತಾಗ ಸುಮಾರು 4,390 ಅಂಕ ಬಿತ್ತು. ಸಂಸ್ಥೆಯ ಮುಖ್ಯಸ್ಥರು ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ಸರಿ, ಅದಾದ ಮೇಲೆ ಏನಾಯಿತು? ಹರಿಯಾಣ ಬಂತು. ಮತ್ತೆ ಎಲ್ಲ ಸಂಸ್ಥೆಗಳೂ ಬಂದವು, ನೋಡುವವರೂ ಬಂದರು.

ನೋಡುಗರ ಮಾತು ಎತ್ತಲೇಬೇಕಾದದ್ದು ಇಲ್ಲೇ. ತಪ್ಪು ನಂಬರ್ ತೋರಿಸಿದ ಚಾನೆಲ್‌ಗೆ ನೋಡುಗ ಶಿಕ್ಷೆ ಕೊಟ್ಟದ್ದನ್ನು ನಾನು ಕಂಡಿಲ್ಲ. ನಿಧಾನ ಮಾಡಿದ ಚಾನೆಲ್‌ಗೆ ಮಾತ್ರ ತಕ್ಷಣ ಶಿಕ್ಷೆ ಕೊಡುತ್ತಾನೆ. ಪಕ್ಕದ ಚಾನೆಲ್‌ನಲ್ಲಿ 120 ಕ್ಷೇತ್ರದ ಮುನ್ನಡೆ ಇದ್ದು ನಮ್ಮಲ್ಲಿ 70 ಇದ್ದರೆ, ನಾವು ಖಚಿತಪಡಿಸಿಕೊಂಡು ಹಾಕುತ್ತಿದ್ದೇವೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. "ಇವ್ರದ್ದು ಇನ್ನೂ ಎಪ್ಪತ್ತೇ" ಎಂದು ರಿಮೋಟ್ ಒತ್ತುತ್ತಾರೆ. ಮುಂಚೆ ಇದು ಗೊತ್ತಾಗಲು ಟಿವಿ ನೋಡುಗರ ಲೆಕ್ಕ ಕೊಡುವ ಬಾರ್ಕ್ ರೇಟಿಂಗ್ ಬರುವವರೆಗೆ ಕಾಯಬೇಕಿತ್ತು. ಈಗ ಯೂಟ್ಯೂಬ್ ಲೈವ್ ಇದೆ. ಎಷ್ಟು ಜನ ನೋಡುತ್ತಿದ್ದಾರೆ ಎಂಬ ಸಂಖ್ಯೆ ಡೆಸ್ಕ್‌ನ ಮುಂದೆಯೇ ಮಿನುಗುತ್ತದೆ. ಆ್ಯಂಕರ್ "ಅಧಿಕೃತ ಮಾಹಿತಿಗಾಗಿ ಕಾಯೋಣ" ಎಂದರೆ ಸಂಖ್ಯೆ ಇಳಿಯುತ್ತದೆ, "ಬಿಗ್ ಟ್ವಿಸ್ಟ್" ಎಂದರೆ ಏರುತ್ತದೆ. ಮೇ, ಜೂನ್‌ನಲ್ಲಿ ಇಲ್ಲಿ ಬೆಳಗ್ಗೆ 8 ಎಂದರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 10.30. ಅಲ್ಲಿಯ ಕನ್ನಡಿಗರೂ ನಾಲ್ಕು ವಿಂಡೋ ತೆರೆದು ಕೂತು, ತಮ್ಮ ಪಕ್ಷ ಯಾವುದರಲ್ಲಿ ಮುಂದಿದೆಯೋ ಅದರ ಧ್ವನಿ ಜಾಸ್ತಿ ಮಾಡುತ್ತಾರೆ. ಎಣಿಕೆ ದಿನ ಡೆಸ್ಕ್‌ಗೆ ಬರುವ ಕರೆಗಳಲ್ಲಿ "ನಿಮ್ಮ ನಂಬರ್ ಸರಿಯಾ" ಎಂದು ಕೇಳುವವರು ಅಪರೂಪ. "ನಮ್ಮವರಿಗೆ ಯಾಕೆ ಕಮ್ಮಿ ತೋರಿಸ್ತೀರಿ" ಎನ್ನುವವರೇ ಹೆಚ್ಚು. ಬಾಜಿ ಕಟ್ಟಿದವರ ಧ್ವನಿಯನ್ನಂತೂ ಫೋನ್‌ನಲ್ಲೇ ಗುರುತಿಸಬಹುದು, ಅವರು ಅಂತರ ಎಷ್ಟು ಎಂದು ಕೇಳುತ್ತಾರೆ.

ಜನ ಏನು ನೋಡುತ್ತಾರೋ ಅದೇ ಕವರೇಜ್ ಆಗುವುದಕ್ಕೆ 2019ರ ಲೋಕಸಭಾ ಚುನಾವಣೆಯ ಮಂಡ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಳೇ ಸಿನಿಮಾ ಕಾರ್ಯಕ್ರಮವೊಂದರಲ್ಲಿ ಕುಮಾರಸ್ವಾಮಿ ತಮ್ಮ ಮಗ, ಆ ಸಲದ ಜೆಡಿಎಸ್ ಅಭ್ಯರ್ಥಿ ನಿಖಿಲ್‌ರನ್ನು ಕರೆದ "ನಿಖಿಲ್ ಎಲ್ಲಿದ್ದೀಯಪ್ಪ" ತುಣುಕನ್ನು ಮೊದಲು ಎತ್ತಿ ಹರಡಿದ್ದು ಜನರೇ, ಮೊಬೈಲ್‌ನಲ್ಲಿ. ಚಾನೆಲ್‌ಗಳು ಹಿಂದೆ ಓಡಿದವು. ಸುಮಲತಾ ಪರ ಪ್ರಚಾರಕ್ಕಿಳಿದ ದರ್ಶನ್, ಯಶ್ ಎಂಬ ಜೋಡೆತ್ತು, ಸುಮಲತಾರ ಕಹಳೆ ಚಿಹ್ನೆ, ಅಭ್ಯರ್ಥಿಗಳ ಪಟ್ಟಿಯಲ್ಲಿ ಇನ್ನೂ ಮೂವರು ಸುಮಲತಾ, ದಿನಕ್ಕೊಂದು ಕಂತು. ಸುಮಲತಾ ಅಂಬರೀಶ್ 1,25,876 ಮತಗಳಿಂದ ಗೆದ್ದರು. ರಾಜ್ಯದಲ್ಲಿ ಇನ್ನೂ 27 ಕ್ಷೇತ್ರಗಳಿದ್ದವು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಚುನಾವಣಾ ಜೀವನದಲ್ಲೇ ಮೊದಲ ಸಲ ಸೋತರು, 95 ಸಾವಿರ ಮತಗಳಿಂದ. ತುಮಕೂರಿನಲ್ಲಿ ಮಾಜಿ ಪ್ರಧಾನಿ ದೇವೇಗೌಡರು 13 ಸಾವಿರದಿಂದ ಸೋತರು. ಫಲಿತಾಂಶದ ದಿನ ಈ ಎರಡೂ ಸುದ್ದಿ ಎಷ್ಟೋ ನೋಡುಗರಿಗೆ ಆಘಾತದಂತೆ ಬಂತು, ಯಾಕೆಂದರೆ ಅಲ್ಲಿ ಏನು ನಡೆಯುತ್ತಿದೆ ಎಂದು ತೋರಿಸಿದ್ದೇ ಕಮ್ಮಿ. ಅಲ್ಲಿಂದ ವರದಿ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಅರ್ಧ ನಿಮಿಷದ ಪ್ಯಾಕೇಜ್ ಆಗಿ ಮಧ್ಯಾಹ್ನ 3 ಗಂಟೆಯ ಬುಲೆಟಿನ್‌ಗೆ ಹೋಗುತ್ತಿತ್ತು. ಪ್ರೈಮ್‌ಟೈಮ್ ಮಂಡ್ಯದ್ದು.

ಮುಂದಿನ ಎಣಿಕೆ ದಿನ ಟಿವಿ ಹಾಕುವವರಿಗೆ ಒಂದು ಮಾತು. ಟ್ಯಾಲಿ ನೋಡಿ, ಆದರೆ ನಿಮಗೆ ಕುತೂಹಲ ಇರುವ ಕ್ಷೇತ್ರದ ರೌಂಡ್ ಸಂಖ್ಯೆ ಕೇಳಿ. 18ರಲ್ಲಿ 5ನೇ ರೌಂಡ್ ಆಗಿದ್ದು ಅಂತರ 3 ಸಾವಿರ ಇದ್ದರೆ ಆಟ ಇನ್ನೂ ಶುರುವೇ ಆಗಿಲ್ಲ. 16ನೇ ರೌಂಡ್‌ನಲ್ಲಿ 12 ಸಾವಿರ ಇದ್ದರೆ ಬಹುತೇಕ ಮುಗಿದಂತೆ. ಆಯೋಗದ ವೆಬ್‌ಸೈಟ್‌ನಲ್ಲಿ ಯಾವ ಕ್ಷೇತ್ರದಲ್ಲಿ ಎಷ್ಟು ರೌಂಡ್ ಆಗಿದೆ ಎಂದು ಬರೆದೇ ಇರುತ್ತದೆ. ಟಿವಿಗಿಂತ ನಿಧಾನ, ಆದರೆ ಅಧಿಕಾರಿ ಸಹಿ ಹಾಕಿದ ಲೆಕ್ಕ.

ಅಂಚೆ ಮತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಮೇ 13ರ ರಾತ್ರಿ ಬೆಂಗಳೂರಿನ ಜಯನಗರದಲ್ಲಿ ಸೌಮ್ಯಾ ರೆಡ್ಡಿ ಗೆದ್ದಂತೆಯೇ ಆಗಿತ್ತು. ಕಾಂಗ್ರೆಸ್ 136 ಎಂದು ಪರದೆಗಳು ಹೇಳುತ್ತಿದ್ದವು. ಮರುಎಣಿಕೆ, ತಿರಸ್ಕೃತ ಅಂಚೆ ಮತಗಳ ಬಗ್ಗೆ ಜಗಳ, ಕೇಂದ್ರದ ಹೊರಗೆ ಪ್ರತಿಭಟನೆ ಎಲ್ಲ ಮುಗಿಯುವ ಹೊತ್ತಿಗೆ ನಡುರಾತ್ರಿ ಹತ್ತಿರವಾಗಿತ್ತು. ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಅಷ್ಟರಲ್ಲಿ ಹೆಚ್ಚಿನ ಚಾನೆಲ್‌ಗಳು ಮುಖ್ಯಮಂತ್ರಿ ಯಾರು ಎಂಬ ಚರ್ಚೆಗೆ ದಾಟಿ ಗಂಟೆಗಳೇ ಆಗಿದ್ದವು.

ಇನ್ನೊಂದು ಕಾಗದವಿದೆ, ಅದರ ಮೇಲೆ ಯಾವ ಚಾನೆಲ್ಲೂ ಪ್ಯಾನೆಲ್ ಕೂರಿಸುವುದಿಲ್ಲ. ಫಲಿತಾಂಶದ ನಂತರ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ಗೆ ಫಾರ್ಮ್ 20 ಎಂಬುದು ಬರುತ್ತದೆ. ಬೂತ್‌ವಾರು ಯಾರಿಗೆ ಎಷ್ಟು ಮತ, ನೋಟಾ ಎಷ್ಟು, ಎಲ್ಲ ಅದರಲ್ಲಿದೆ. ಯಾವ ಹೋಬಳಿ ಮೊದಲ ರೌಂಡ್‌ನಲ್ಲಿ ಬಂತು, ಯಾವುದು ಕೊನೆಗೆ ಫಲಿತಾಂಶ ತಿರುಗಿಸಿತು ಎಂದು ಸಾಲುಸಾಲಾಗಿ ಕಾಣುತ್ತದೆ. ಮುಂದಿನ ಚುನಾವಣೆಗೆ ನಾನು ತಯಾರಿ ಮಾಡುವುದು ಅದನ್ನು ಇಟ್ಟುಕೊಂಡೇ. ನಿಮ್ಮ ಬೂತ್ ಸಂಖ್ಯೆ ಮತದಾರರ ಚೀಟಿಯಲ್ಲಿರುತ್ತದೆ, ಹುಡುಕಿ ನೋಡಿ. ಕೆಲವು ಕ್ಷೇತ್ರಗಳ ಹಾಳೆಗಳನ್ನು ಓರೆಯಾಗಿ ಸ್ಕ್ಯಾನ್ ಮಾಡಿರುತ್ತಾರೆ, ಓದಲು ಸ್ವಲ್ಪ ತಾಳ್ಮೆ ಬೇಕು.