ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ: ಎರಡು ಬಾಗಿಲು, ಒಂದೇ ಕಿವಿ

ಹೊಸ ಫೋನಿನ ವಿವರಗಳಲ್ಲಿ ‘ಡಿಎಸ್‌ಡಿಎಸ್’ ಎಂಬ ನಾಲ್ಕು ಅಕ್ಷರ ಕಾಣುತ್ತದೆ. ಬಿಡಿಸಿದರೆ ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ. ನಾವು ಸುಮ್ನೆ ‘ಡಬಲ್ ಸಿಮ್’ ಅಂತೀವಿ. ಆದರೆ ಇದರಲ್ಲಿ ನಿಜಕ್ಕೂ ಅರ್ಥ ಮಾಡಿಕೊಳ್ಳಬೇಕಾದ ಪದ ಕೊನೆಯದು, ಸ್ಟ್ಯಾಂಡ್‌ಬೈ. ಅಂದರೆ ಕಾಯುತ್ತಾ ಇರುವುದು. ಎರಡೂ ಸಿಮ್ ಕರೆಗಾಗಿ ಕಾಯುತ್ತವೆ. ಆದರೆ ಒಂದರಲ್ಲಿ ಮಾತು ಶುರುವಾದರೆ ಇನ್ನೊಂದಕ್ಕೆ ಕಿವಿ ಇರುವುದಿಲ್ಲ.

ನನಗೆ ಇದು ತಡವಾಗಿ ಗೊತ್ತಾಯಿತು. ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆ ಕಡೆ, ತಲಘಟ್ಟಪುರದ ಹತ್ತಿರ. ಗ್ರೌಂಡ್ ಫ್ಲೋರ್, ಸುತ್ತಲೂ ನಾಲ್ಕಂತಸ್ತಿನ ಕಟ್ಟಡಗಳು. ಹಾಲಿನಲ್ಲಿ ಒಂದು ಕಂಪನಿಯ ಟವರ್ ಸಿಗುತ್ತದೆ, ಅಡುಗೆಮನೆಯಲ್ಲಿ ಇನ್ನೊಂದರದ್ದು. ಅದಕ್ಕೇ ಎರಡು ಸಿಮ್ ಹಾಕಿಸಿದ್ದೆ. ಒಂದು ಸಂಜೆ ಆಫೀಸಿನ ಕಾಲ್ ಮುಕ್ಕಾಲು ಗಂಟೆ ನಡೆಯಿತು. ಅಷ್ಟೂ ಹೊತ್ತು ಶಿರಸಿಯಿಂದ ಅಮ್ಮ ಇನ್ನೊಂದು ನಂಬರಿಗೆ ಮಾಡುತ್ತಲೇ ಇದ್ದಳು. ಅಪ್ಪನಿಗೆ ತಲೆಸುತ್ತು ಬಂದಿತ್ತು. ಅವಳಿಗೆ ಪ್ರತಿ ಸಲ ಕೇಳಿಸಿದ್ದು ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಅನ್ನುವ ದನಿ. ನಾನಿದ್ದದ್ದು ಮನೆಯಲ್ಲೇ. ಕಾಲ್ ಶುರುವಾಗುವ ಮೊದಲು ಎರಡೂ ಸಿಮ್ಮಿಗೆ ಮೂರು ಮೂರು ಕಡ್ಡಿ ಇತ್ತು. ಅಪ್ಪ ರಾತ್ರಿ ಹೊತ್ತಿಗೆ ಸುಧಾರಿಸಿಕೊಂಡರು. ಆದರೆ ಆ ಮುಕ್ಕಾಲು ಗಂಟೆ ಅಮ್ಮ ಪಟ್ಟ ಗಾಬರಿ ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗೇಕೆ ಆಯಿತು? ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ಇರುವ ಒಂದು ಮನೆ, ಒಳಗೆ ಒಬ್ಬರೇ ಇದ್ದಾರೆ ಅಂದುಕೊಳ್ಳಿ. ಅವರು ಆಗಾಗ ಒಂದು ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟು, ಮತ್ತೆ ಇನ್ನೊಂದರ ಹತ್ತಿರ ಹೋಗುತ್ತಾರೆ. ಡಿಎಸ್‌ಡಿಎಸ್ ಫೋನಿನಲ್ಲಿರುವ ರೇಡಿಯೋ ಮಾಡುವುದೂ ಇದನ್ನೇ. ಸುಮ್ಮನಿರುವ ಫೋನ್ ಟವರಿಗೆ ಸದಾ ಕಿವಿಗೊಟ್ಟು ಕೂತಿರುವುದಿಲ್ಲ. 4ಜಿಯಲ್ಲಿ ಸಾಮಾನ್ಯವಾಗಿ ಒಂದೆರಡು ಸೆಕೆಂಡಿಗೊಮ್ಮೆ ಒಂದು ಕ್ಷಣ ಎಚ್ಚರವಾಗಿ, ‘ನನಗೇನಾದರೂ ಕರೆ ಇದೆಯಾ’ ಎಂದು ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ನಡುವಿನ ಬಿಡುವಿನಲ್ಲಿ ಇನ್ನೊಂದು ಸಿಮ್ಮಿನ ಕಡೆ ಕಿವಿಗೊಡಲು ಬೇಕಾದಷ್ಟು ಸಮಯ ಇರುತ್ತದೆ. ಆದರೆ ಮುಂಬಾಗಿಲಲ್ಲಿ ಯಾರೋ ಬಂದು ಮಾತಿಗೆ ಕೂತರೆ ಹಿತ್ತಲಲ್ಲಿ ಎಷ್ಟು ತಟ್ಟಿದರೂ ಕೇಳುವುದಿಲ್ಲ, ಅಲ್ವಾ?

ಆ ‘ವ್ಯಾಪ್ತಿ ಪ್ರದೇಶ’ದ ಮಾತಿಗೂ ಕಾರಣ ಇಲ್ಲೇ ಇದೆ. ಎರಡು ಸಿಮ್ಮಿನ ಫೋನಿಗೆ ಐಎಂಇಐ ಎಂಬ 15 ಅಂಕಿಯ ಗುರುತಿನ ಸಂಖ್ಯೆ ಎರಡಿರುತ್ತವೆ. ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ ನೋಡಿ, ಎರಡೂ ಕಾಣುತ್ತವೆ. ಕಂಪನಿಗಳ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಫೋನುಗಳು. ಒಂದು ಕಂಪನಿಯಲ್ಲಿ ನೀವು ಮಾತಾಡುತ್ತಿರುವುದು ಇನ್ನೊಂದಕ್ಕೆ ತಿಳಿಯುವುದೇ ಇಲ್ಲ. ಹಾಗಾಗಿ ‘ಬೇರೆ ಕರೆಯಲ್ಲಿದ್ದಾರೆ’ ಎಂದು ಹೇಳಲು ಅದಕ್ಕೆ ಆಗುವುದಿಲ್ಲ. ಕರೆದರೂ ಉತ್ತರವಿಲ್ಲ, ಅಂದರೆ ಟವರಿನ ಆಚೆ ಇರಬೇಕು ಎಂದುಕೊಳ್ಳುತ್ತದೆ. ಕೆಲವು ದುಬಾರಿ ಫೋನುಗಳಲ್ಲಿ ಎರಡೂ ಸಿಮ್ ಒಟ್ಟಿಗೆ ಕೆಲಸ ಮಾಡುತ್ತವೆ. ಆ ಬಗೆಯ ಹೆಸರು ಡಿಎಸ್‌ಡಿಎ. ಕೊನೆಯ ‘ಎ’ ಅಂದರೆ ಆ್ಯಕ್ಟಿವ್.

ಹಾಗಂತ ದುಬಾರಿ ಫೋನ್ ಕೊಳ್ಳಲೇಬೇಕಿಲ್ಲ. ಎರಡೂ ಸಿಮ್ಮಿಗೆ ವೈಫೈ ಕಾಲಿಂಗ್ ಆನ್ ಮಾಡಿ. ಭಾರತದಲ್ಲಿ ಇದು 2019ರ ಡಿಸೆಂಬರಿನಿಂದ ಬಳಕೆಗೆ ಬಂದಿದೆ. ಮನೆಯ ವೈಫೈ ಇದ್ದಾಗ ಎರಡನೇ ನಂಬರಿನ ಕರೆ ಇಂಟರ್ನೆಟ್ ಮೂಲಕ ಬರುತ್ತದೆ. ಆಗ ಒಂದರಲ್ಲಿ ಮಾತಾಡುತ್ತಿದ್ದರೂ ಇನ್ನೊಂದರ ಕರೆ ಬಂದದ್ದು ಬಹಳಷ್ಟು ಫೋನುಗಳಲ್ಲಿ ಗೊತ್ತಾಗುತ್ತದೆ. ವೈಫೈ ಇಲ್ಲದ ಕಡೆ ಕಾಲ್ ಫಾರ್ವರ್ಡಿಂಗ್ ನೆರವಿಗೆ ಬರುತ್ತದೆ. ಅದರಲ್ಲಿ ‘ತಲುಪದಿದ್ದಾಗ’ ಎಂಬ ಆಯ್ಕೆ ಆರಿಸಿ, ಒಂದು ಸಿಮ್ಮಿನ ಕರೆ ಇನ್ನೊಂದಕ್ಕೆ ಹೋಗುವಂತೆ ಮಾಡಿ. ಜೊತೆಗೆ, ಮಾತಿನ ನಡುವೆ ಇನ್ನೊಂದು ಕರೆ ಬಂದರೆ ತಿಳಿಸುವ ಕಾಲ್ ವೇಟಿಂಗ್ ಆನ್ ಇರಲಿ. ಇಂಟರ್ನೆಟ್ಟಿಗೆ ಫೋನು ಒಂದು ಸಮಯಕ್ಕೆ ಒಂದೇ ಸಿಮ್ಮಿನ ಡೇಟಾ ಬಳಸುತ್ತದೆ. ‘ಡೇಟಾ ಸ್ವಿಚಿಂಗ್’ ಆನ್ ಇದ್ದರೆ ಬೇಕಾದಾಗ ತಾನೇ ಬದಲಾಯಿಸಿಕೊಳ್ಳುತ್ತದೆ.

ಯಾವ ಎರಡು ಕಂಪನಿ? ಜಾಹೀರಾತು ನೋಡಿ ತೀರ್ಮಾನಿಸಬೇಡಿ. 700, 850, 900 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ರೇಡಿಯೋ ಅಲೆಗಳು ಗೋಡೆಯೊಳಗೆ ಚೆನ್ನಾಗಿ ನುಗ್ಗುತ್ತವೆ. 2300, 3300ರ ಅಲೆಗಳಲ್ಲಿ ವೇಗ ಜಾಸ್ತಿ ಸಿಗಬಹುದು, ಆದರೆ ಕಾಂಕ್ರೀಟು ಅವನ್ನು ಬೇಗ ತಡೆಯುತ್ತದೆ. ನಿಮ್ಮ ಬೀದಿಯಲ್ಲಿ ಯಾವ ಕಂಪನಿಯ ಯಾವ ಅಲೆ ಹತ್ತಿರದಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮನೆಗೆ ನೆಂಟರು ಬಂದಾಗ ಅವರ ಫೋನ್ ಹಿಡಿದು ಮಲಗುವ ಕೋಣೆ, ಬಚ್ಚಲು, ಬೇಸ್‌ಮೆಂಟ್ ಪಾರ್ಕಿಂಗ್ ಎಲ್ಲ ಸುತ್ತಿ, ಒಂದು ಕರೆ ಮಾಡಿ ನೋಡಿ. ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ. ಊರಿಗೆ ಹೋಗಿ ಬರುವವರು ಊರಿನ ಮನೆಯ ಜಗಲಿಯಲ್ಲೂ ಇದೇ ಪರೀಕ್ಷೆ ಮಾಡಲಿ. ಬೆಂಗಳೂರಿನಲ್ಲಿ ಗೆದ್ದ ಸಿಮ್ ಘಟ್ಟದ ಮೇಲೆ ಸೋಲಬಹುದು.

ಇನ್ನೊಂದು ವಿಷಯ. ಒಂದೇ ಟವರಿನ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ಇರುವುದು ನಮ್ಮಲ್ಲಿ ಸಾಮಾನ್ಯ. ನಿಮ್ಮ ಎರಡೂ ಸಿಮ್ ಅದೇ ಟವರನ್ನು ನಂಬಿದ್ದರೆ, ಕರೆಂಟು ಹೋಗಿ ಅಲ್ಲಿನ ಬ್ಯಾಟರಿ ಮುಗಿದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಎರಡನೇ ಸಿಮ್ಮನ್ನು ಮರೆತುಬಿಡಲೂ ಆಗದು. ಪ್ರಿಪೇಯ್ಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ, ಖಾತೆಯಲ್ಲಿ ಹಣವೂ ಇಲ್ಲದಿದ್ದರೆ, ಅದು ಕೈತಪ್ಪಬಹುದು. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ನನ್ನ ಎರಡನೇ ಸಿಮ್ ಈಗ ಅಂಥ ಪ್ಯಾಕಿನಲ್ಲೇ ನಡೆಯುತ್ತಿದೆ. ಅಮ್ಮನ ಫೋನಿನಲ್ಲಿ ನನ್ನ ಹೆಸರಿನ ಕೆಳಗೆ ಎರಡೂ ನಂಬರ್ ಸೇವ್ ಮಾಡಿಕೊಟ್ಟಿದ್ದೇನೆ. ಮೊದಲನೆಯದು ಸಿಗದಿದ್ದರೆ ಅವಳು ತಕ್ಷಣ ಎರಡನೆಯದಕ್ಕೆ ಮಾಡುತ್ತಾಳೆ.