ಸಮುದ್ರದ ಪ್ಲಾಸ್ಟಿಕ್ಕಿನಿಂದ ವ್ಯಾಕ್ಯೂಮ್ ಕ್ಲೀನರ್ ಆಗುತ್ತಾ?

2010ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ಐದು ವಿಚಿತ್ರ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಮಾಡಿಸಿತು. ಪೆಸಿಫಿಕ್, ಹಿಂದೂ ಮಹಾಸಾಗರ, ಮೆಡಿಟರೇನಿಯನ್ ಹೀಗೆ ಬೇರೆ ಬೇರೆ ಸಮುದ್ರಗಳಿಂದ ಆಯ್ದು ತಂದ ಪ್ಲಾಸ್ಟಿಕ್ ಕಸವೇ ಅವುಗಳ ಹೊರಮೈ. ಒಂದೊಂದಕ್ಕೂ ಒಂದೊಂದು ಸಮುದ್ರದ ಹೆಸರು. ಪ್ರದರ್ಶನಕ್ಕೆ ಇಟ್ಟರು, ಪತ್ರಿಕೆಗಳಲ್ಲಿ ಫೋಟೊ ಬಂತು. ಅಂಗಡಿಗೆ ಮಾತ್ರ ಅವು ಬರಲಿಲ್ಲ.

ಬರೀ ಪ್ರಚಾರದ ಗಿಮಿಕ್ ಅಂತ ತಳ್ಳಿಹಾಕಬಹುದು. ಆದರೆ ಅದರ ಹಿಂದೆ ಒಂದು ನಿಜವಾದ ತಕರಾರು ಇತ್ತು. ಆ ಹೊತ್ತಿಗೆ ಕಂಪನಿ ಶೇ. 70ರಷ್ಟು ಮರುಬಳಕೆ ಪ್ಲಾಸ್ಟಿಕ್ ಹಾಕಿದ ಕ್ಲೀನರ್ ಮಾರುತ್ತಿತ್ತು. ಇನ್ನೂ ಜಾಸ್ತಿ ಮಾಡೋಣವೆಂದರೆ ಒಳ್ಳೆಯ ಮರುಬಳಕೆ ಪ್ಲಾಸ್ಟಿಕ್ ನೆಲದ ಮೇಲೆ ಸಾಕಷ್ಟು ಸಿಗುತ್ತಿರಲಿಲ್ಲ. ಅತ್ತ ಸಮುದ್ರದ ತುಂಬ ಪ್ಲಾಸ್ಟಿಕ್. ಅದನ್ನೇ ಎತ್ತಿ ತಂದು ಕರಗಿಸಿ ಅಚ್ಚಿಗೆ ಹೊಯ್ದರೆ ಆಗಲ್ವಾ?

ಎತ್ತಿ ತರುವುದೇ ಮೊದಲ ತಲೆನೋವು. ಹವಾಯಿಗೂ ಕ್ಯಾಲಿಫೋರ್ನಿಯಾಕ್ಕೂ ನಡುವೆ ಇರುವ ತೇಲುವ ಕಸ ಬಂದು ಸೇರುವ ಪೆಸಿಫಿಕ್ಕಿನ ದೊಡ್ಡ ಹರವನ್ನು ವಿಜ್ಞಾನಿಗಳು ಅಳೆದು 2018ರಲ್ಲಿ ಲೆಕ್ಕ ಕೊಟ್ಟರು. ವಿಸ್ತೀರ್ಣ 16 ಲಕ್ಷ ಚದರ ಕಿಲೋಮೀಟರ್. ಅದರಲ್ಲಿ ತೇಲುವ ಪ್ಲಾಸ್ಟಿಕ್ ಕನಿಷ್ಠ 79,000 ಟನ್. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಭಾಗಿಸಿ ನೋಡಿ: ಒಂದು ಚದರ ಕಿಲೋಮೀಟರಿಗೆ ಸುಮಾರು 50 ಕೆ.ಜಿ. ಅಷ್ಟೇ. ಕಸದ ದ್ವೀಪ ಅಂತ ಹೇಳುತ್ತಾರಲ್ಲ, ಅದರ ಮೇಲೆ ಕಾಲಿಡುವುದಿರಲಿ, ಹಡಗಿನಲ್ಲಿ ಹೋದರೂ ಬಹುಪಾಲು ಬರಿಯ ನೀರೇ ಕಾಣುತ್ತದೆ. ಎರಡು ಮೂಟೆ ಕಸಕ್ಕಾಗಿ ಡೀಸೆಲ್ ಸುಟ್ಟುಕೊಂಡು ಅಲೆಯಬೇಕು.

ಇಷ್ಟೆಲ್ಲ ಮಾಡಿ ತಂದದ್ದಾದರೂ ಗಟ್ಟಿಯಾಗಿರುತ್ತದೆಯೇ? ಮನೆಯ ಮಹಡಿ ಮೇಲೆ ಎರಡು ಬೇಸಿಗೆ ಬಿಟ್ಟ ಬಕೆಟನ್ನು ನೆನಪಿಸಿಕೊಳ್ಳಿ. ಬಣ್ಣ ಮಾಸಿರುತ್ತದೆ. ಮುಟ್ಟಿದರೆ ಕೈಗೆ ಬಿಳಿ ಪುಡಿ ಅಂಟುತ್ತದೆ. ಹಿಡಿ ಹಿಡಿದು ನೀರಿನ ಸಮೇತ ಎತ್ತಿದರೆ ಲಟಕ್ಕನೆ ಮುರಿಯುತ್ತದೆ. ಪ್ಲಾಸ್ಟಿಕ್ಕಿನ ಬಲ ಇರುವುದು ಅದರ ಅಣುಗಳ ಉದ್ದನೆಯ ಸರಪಳಿಯಲ್ಲಿ. ಬಿಸಿಲಿನ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಆ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಸಮುದ್ರದ ಮೇಲೆ ವರ್ಷಗಟ್ಟಲೆ ತೇಲಿದ ಕ್ಯಾನಿಗೂ ಆಗಿರುವುದು ಇದೇ. ತುಂಡಾದ ಸರಪಳಿಯನ್ನು ಕರಗಿಸಿದರೆ ಅದು ಮತ್ತೆ ಉದ್ದವಾಗುವುದಿಲ್ಲ. ಕುಲುಮೆಯ ಬಿಸಿಗೆ ಇನ್ನಷ್ಟು ತುಂಡಾಗುತ್ತದೆ, ಅಷ್ಟೇ.

ಇನ್ನೊಂದು ತೊಡಕು ಸಾಂದ್ರತೆಯದ್ದು. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿಯ ಪಿಇಟಿ, ಪೈಪಿನ ಪಿವಿಸಿ, ಬಲೆಯ ನೈಲಾನ್ ಮುಳುಗುತ್ತವೆ. ವ್ಯಾಕ್ಯೂಮ್ ಕ್ಲೀನರಿನಂಥ ಉಪಕರಣಗಳ ಹೊರಮೈಗೆ ಹೆಚ್ಚಾಗಿ ಬಳಸುವ ಎಬಿಎಸ್ ಕೂಡ ಉಪ್ಪುನೀರಿಗಿಂತ ತುಸು ಭಾರ. ಅಂದರೆ ಸಮುದ್ರದ ಮೇಲೆ ಸಿಗುವುದು ಒಂದು, ಕಾರ್ಖಾನೆಗೆ ಬೇಕಾದ್ದು ಇನ್ನೊಂದು. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಕರಗಿಸೋಣವೆಂದರೆ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್‌ಗಳು ಒಂದರೊಳಗೊಂದು ಬೆರೆಯುವುದಿಲ್ಲ. ಅಂಥ ತುಂಡು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಜೊತೆಗೆ ಉಪ್ಪು, ಮರಳು, ಅಂಟಿಕೊಂಡ ಚಿಪ್ಪುಜೀವಿಗಳು. ಸರಿಯಾಗಿ ತೊಳೆಯದಿದ್ದರೆ ಉಪ್ಪು ಅಚ್ಚಿನ ಉಕ್ಕನ್ನೇ ತಿನ್ನುತ್ತದೆ. ಟೋಕಿಯೊದ ವಿಜ್ಞಾನಿ ಹಿದೆಶಿಗೆ ತಕಾದಾ ಅವರ ತಂಡ 2001ರಲ್ಲೇ ತೋರಿಸಿದ ಹಾಗೆ, ತೇಲುವ ಪ್ಲಾಸ್ಟಿಕ್ ಕಾಳುಗಳು ಪಿಸಿಬಿಯಂಥ ಕೈಗಾರಿಕಾ ರಾಸಾಯನಿಕ ವಿಷಗಳನ್ನು ನೀರಿನಿಂದ ಹೀರಿಕೊಳ್ಳುತ್ತವೆ ಕೂಡ. ಮಿಕ್ಸಿ ಜಾರಿಗೆ ಇಂಥದ್ದನ್ನು ಯಾರು ಒಪ್ಪುತ್ತಾರೆ?

ಹಾಗಾದರೆ ಇವತ್ತು ‘ಸಮುದ್ರದ ಪ್ಲಾಸ್ಟಿಕ್’ ಅಂತ ಚೀಟಿ ಹಚ್ಚಿಕೊಂಡು ಬರುವ ವಸ್ತುಗಳಲ್ಲಿ ಇರುವುದೇನು? ಬಹುಪಾಲು, ಇನ್ನೂ ಸಮುದ್ರ ಸೇರದ ಪ್ಲಾಸ್ಟಿಕ್. ಕರಾವಳಿಯಿಂದ 50 ಕಿಲೋಮೀಟರ್ ಒಳಗೆ, ಕಸ ವಿಲೇವಾರಿ ಸರಿಯಾಗಿಲ್ಲದ ಊರುಗಳಲ್ಲಿ ಬಿದ್ದಿದ್ದು, ಇವತ್ತಲ್ಲ ನಾಳೆ ನೀರಿಗೆ ಸೇರುವಂಥದ್ದು. ಚಿಂದಿ ಆಯುವವರು ಅದನ್ನು ಹೊಳೆ ದಂಡೆಯಿಂದಲೋ ಚರಂಡಿಯಿಂದಲೋ ಹೆಕ್ಕಿರುತ್ತಾರೆ. ಇದನ್ನು ಮೋಸ ಅಂತ ನಾನು ಹೇಳುವುದಿಲ್ಲ. ದಡದಲ್ಲೇ ಹಿಡಿದರೆ ಖರ್ಚು ಕಮ್ಮಿ, ಮಾಲೂ ಗಟ್ಟಿ. ಆದರೆ ಡಬ್ಬದ ಮೇಲೆ ಆಮೆ, ನೀಲಿ ಅಲೆಯ ಚಿತ್ರ ಹಾಕಿ ಮಾರುವಾಗ ಆ ಚಿಂದಿ ಆಯುವವರು ಎಲ್ಲೂ ಕಾಣುವುದಿಲ್ಲ ಅನ್ನುವುದು ನನ್ನ ಸಿಟ್ಟು.

ನಿಜಕ್ಕೂ ಕಡಲಿನ ನಂಟು ಇರುವ ಮಾಲೆಂದರೆ ಮೀನಿನ ಬಲೆ. ಪೆಸಿಫಿಕ್ಕಿನ ಆ ಕಸದ ತೂಕದಲ್ಲಿ ಶೇ. 46ರಷ್ಟು ಬಲೆಗಳೇ, ನೈಲಾನಿನವಲ್ಲ, ತೇಲುವ ಜಾತಿಯ ಪ್ಲಾಸ್ಟಿಕ್ಕಿನವು. ಹಳೆಯ ಬಲೆ ದೋಣಿಯಿಂದ ಕಡಲಿಗೆ ಬೀಳುವ ಮೊದಲೇ ಬಂದರಿನಲ್ಲಿ ಕೊಂಡುಕೊಂಡರೆ ಆಟವೇ ಬೇರೆ. ಅದು ಒಂದೇ ಜಾತಿಯ ಮಾಲು, ತೂಕವೂ ಚೆನ್ನಾಗಿ ಬರುತ್ತದೆ. ನೈಲಾನ್ 6 ಆಗಿದ್ದರಂತೂ ಇನ್ನೂ ಒಳ್ಳೆಯದು. ಅದು ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ಅಣುವಿನ ಸರಪಳಿ. ಬಿಡಿಸಿ, ಶುದ್ಧಮಾಡಿ, ಮತ್ತೆ ಪೋಣಿಸಿದರೆ ಹೊಸದರಷ್ಟೇ ಗಟ್ಟಿ. ಇಟಲಿಯ ಅಕ್ವಾಫಿಲ್ ಕಂಪನಿ 2011ರಿಂದ ಸ್ಲೊವೇನಿಯಾದಲ್ಲಿ ಇದನ್ನೇ ಮಾಡುತ್ತಿದೆ. ಆ ನೂಲು ನೆಲಹಾಸಿಗೂ ಈಜುಡುಗೆಗೂ ಹೋಗುತ್ತದೆ.

ಉಪಕರಣಗಳ ದಾರಿ ಸ್ವಲ್ಪ ಬೇರೆ. ಅಲ್ಲಿ ಬಲೆಯನ್ನು ಅಣುವಿನ ಮಟ್ಟದವರೆಗೆ ಬಿಡಿಸದೆ ಕರಗಿಸಿ ಕಾಳು ಮಾಡುತ್ತಾರೆ. 2022ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್22 ಫೋನಿನ ಗುಂಡಿಗಳ ಹಿಂದಿನ ಚೌಕಟ್ಟಿಗೆ ಶೇ. 20ರಷ್ಟು ಇಂಥ ಪ್ಲಾಸ್ಟಿಕ್ ಬಿತ್ತು. ಆ ಬಲೆಗಳು ಹಿಂದೂ ಮಹಾಸಾಗರ ಮತ್ತು ನಮ್ಮ ಅರಬ್ಬಿ ಸಮುದ್ರದ ಕಡೆಯವು. ಕಾಳು ಮಾಡುವ ಮುಂಚೆ ಕೈಕೆಲಸ ಬೇಕಾದಷ್ಟು ಇರುತ್ತದೆ. ಬಲೆಯ ಅಂಚಿಗೆ ಕಟ್ಟಿದ ಸೀಸದ ಗುಂಡು, ಬೆಂಡು, ಬೇರೆ ಪ್ಲಾಸ್ಟಿಕ್ಕಿನ ಹಗ್ಗ, ಎಲ್ಲವನ್ನೂ ಚಾಕುವಿನಲ್ಲಿ ಕೊಯ್ದು ತೆಗೆಯಬೇಕು. ಒಂದು ಸೀಸದ ಗುಂಡು ಕಣ್ತಪ್ಪಿದರೂ ಮಾಲು ಹೊಲಸಾಗುತ್ತದೆ, ಬಲೆ ಕತ್ತರಿಸುವ ಯಂತ್ರದ ಅಲಗಿಗೂ ಪೆಟ್ಟು. ಆಮೇಲೆ ತೊಳೆದು ಚೆನ್ನಾಗಿ ಒಣಗಿಸಬೇಕು. ನೈಲಾನ್ ನೀರು ಕುಡಿಯುತ್ತದೆ. ತೇವ ಉಳಿದಿದ್ದರೆ ಕರಗಿಸುವಾಗ ಆ ನೀರೇ ಸರಪಳಿ ತುಂಡರಿಸುತ್ತದೆ.

ಇಂಥ ಕಾಳುಗಳ ಬಣ್ಣವೂ ಹದಕ್ಕೆ ಬರುವುದಿಲ್ಲ, ಬೂದು ಹಸಿರೋ ಕಪ್ಪೋ ಆಗುತ್ತದೆ. ಅದಕ್ಕೇ ಇವು ಹೆಚ್ಚಾಗಿ ಒಳಗಿನ, ಕಣ್ಣಿಗೆ ಬೀಳದ ಭಾಗಗಳಿಗೆ ಹೋಗುತ್ತವೆ. ಮೈಕ್ರೊಸಾಫ್ಟ್ 2021ರಲ್ಲಿ ತಂದ ಮೌಸ್ ಇದಕ್ಕೆ ಅಪವಾದ. ಹೊರಕವಚದ ತೂಕದಲ್ಲಿ ಶೇ. 20 ಸಮುದ್ರದ ಪ್ಲಾಸ್ಟಿಕ್, ಮೈಮೇಲಿನ ಚುಕ್ಕೆಗಳನ್ನು ಮರೆಮಾಚದೆ ಅದನ್ನೇ ಅಂದ ಅಂತ ತೋರಿಸಿದರು.

ಉಳಿದ ಶೇ. 80ರ ಪ್ರಶ್ನೆ ಮುಂದಿನ ಸಲ ಆ ವಸ್ತು ಗುಜರಿಗೆ ಬಂದಾಗ ಏಳುತ್ತದೆ. ಹಳೆಯ ವಾಷಿಂಗ್ ಮಷೀನಿನ ಭಾಗಗಳನ್ನು ಬಿಚ್ಚಿ ಒಳಮೈ ನೋಡಿದರೆ ಎಷ್ಟೋ ಕಡೆ ಪುಟ್ಟ ಅಕ್ಷರಗಳಲ್ಲಿ ‘ಪಿಪಿ’ (ಅಂದರೆ ಪಾಲಿಪ್ರೊಪಿಲೀನ್), ‘ಎಬಿಎಸ್’ ಅಂತ ಅಚ್ಚು ಇರುತ್ತದೆ. ಆ ಅಚ್ಚು ನೋಡಿಯೇ ಯಾವುದು ಯಾವ ಮೂಟೆಗೆ ಎಂದು ಬೇರೆ ಮಾಡಬಹುದು. ಎರಡು ಮೂರು ಜಾತಿ ಬೆರೆಸಿ, ಅಂಟು ಹಾಕಿ ಮುಚ್ಚಿದ ಭಾಗಕ್ಕೆ ಮಾತ್ರ ಯಾವ ಮೂಟೆಯೂ ಇಲ್ಲ. ಅದು ಎಷ್ಟೇ ಹಸಿರು ಚೀಟಿ ಹಚ್ಚಿಕೊಂಡು ಬಂದಿದ್ದರೂ ಗುಜರಿಯವನು ತಕ್ಕಡಿಗೆ ಹಾಕದೆ ಪಕ್ಕಕ್ಕೆ ಎಸೆಯುತ್ತಾನೆ.