1921ರಲ್ಲೇ ಕೋಚ್ ಆಗಿದ್ದ ಹಾಫ್‌ಬ್ಯಾಕ್

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕಪ್ಪು ಜನಾಂಗದ ಹೆಡ್ ಕೋಚ್‌ಗಳು ಯಾಕಿಷ್ಟು ಕಡಿಮೆ ಎಂಬ ಮಾತು ಬಂದಾಗಲೆಲ್ಲ ಆರ್ಟ್ ಶೆಲ್ ಹೆಸರು ಕೇಳಿಬರುತ್ತದೆ. ಅವರು ಲಾಸ್ ಏಂಜಲೀಸ್ ರೇಡರ್ಸ್ ತಂಡದ ಹೊಣೆ ಹೊತ್ತಿದ್ದು 1989ರಲ್ಲಿ. ಆದರೆ ಅದಕ್ಕೂ 68 ವರ್ಷ ಮೊದಲೇ ಕಪ್ಪು ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಒಬ್ಬರು ಆ ಕೆಲಸ ಮಾಡಿದ್ದರು. ಅವರು ಫ್ರಿಟ್ಜ್ ಪೊಲಾರ್ಡ್.

1894ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಪೊಲಾರ್ಡ್ ಆಳು ಸಣ್ಣವರು, ಸುಮಾರು 5 ಅಡಿ 9 ಅಂಗುಲ ಎತ್ತರ, 75 ಕಿಲೋ ತೂಕ. ಬ್ರೌನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದು ಕಾಲೇಜು ತಂಡಗಳ ಹೆಸರಾಂತ ಪಂದ್ಯವಾದ ರೋಸ್ ಬೌಲ್ ಅನ್ನು 1916ರಲ್ಲಿ ಆಡಿದರು. ಆ ಪಂದ್ಯದಲ್ಲಿ ಕಣಕ್ಕಿಳಿದ ಮೊದಲ ಕಪ್ಪು ಆಟಗಾರ ಅವರೇ. ಅದೇ ವರ್ಷ ಬ್ರೌನ್ ತಂಡ ಯೇಲ್ ಮತ್ತು ಹಾರ್ವರ್ಡ್ ಎರಡನ್ನೂ ಸೋಲಿಸಿತು.

1919ರಲ್ಲಿ ಅವರು ರಬ್ಬರ್ ಕಾರ್ಖಾನೆಗಳ ಊರಾದ ಓಹಾಯೋದ ಆಕ್ರನ್‌ಗೆ ಆಡಲು ಬಂದರು. ಈಗಿನಂತೆ ದಾಳಿಗೊಂದು ಪಡೆ, ರಕ್ಷಣೆಗೊಂದು ಪಡೆ ಆಗ ಇರಲಿಲ್ಲ. ಚೆಂಡು ಹಿಡಿದು ಓಡುವವನೇ ಪಾಸ್ ಎಸೆಯಬೇಕು, ಪಾಸ್ ಹಿಡಿಯಬೇಕು, ಎದುರಾಳಿ ಒದ್ದ ಚೆಂಡನ್ನು ಹಿಡಿದು ಮುಂದಕ್ಕೆ ಓಡಬೇಕು, ಮರುಗಳಿಗೆಗೆ ರಕ್ಷಣೆಗೆ ನಿಲ್ಲಬೇಕು. ಇದಿಷ್ಟರ ಜೊತೆಗೆ ಪೊಲಾರ್ಡ್‌ಗೆ ಇನ್ನೊಂದು ಕೆಲಸವಿತ್ತು: ತನ್ನ ಮೈ ಕಾಯ್ದುಕೊಳ್ಳುವುದು. ಕೆಳಗೆ ಬಿದ್ದವನ ಮೇಲೆ ಎದುರಾಳಿಗಳು ಬೇಕೆಂದೇ ಮುಗಿಬೀಳುತ್ತಿದ್ದರು. ಅದಕ್ಕೆ ಅವರು ಬಿದ್ದ ಕೂಡಲೇ ಅಂಗಾತ ಹೊರಳಿ, ಎರಡೂ ಕಾಲುಗಳನ್ನು ಮೇಲೆತ್ತಿ ಒದೆಯಲು ಸಿದ್ಧರಾಗುವುದನ್ನು ಕಲಿತಿದ್ದರು.

1920ರಲ್ಲಿ ಓಹಾಯೋದ ಕ್ಯಾಂಟನ್ ಊರಿನ ಒಂದು ಕಾರ್ ಷೋರೂಮಿನಲ್ಲಿ ಹುಟ್ಟಿದ ಲೀಗ್ ಮುಂದೆ ಎನ್‌ಎಫ್‌ಎಲ್ ಆಯಿತು. ಅದರ ಮೊದಲ ಚಾಂಪಿಯನ್ ಪೊಲಾರ್ಡ್ ಆಡುತ್ತಿದ್ದ ಆಕ್ರನ್ ಪ್ರೋಸ್: 8 ಗೆಲುವು, 3 ಸಮಬಲ, ಸೋಲೇ ಇಲ್ಲ. ಮರುವರ್ಷ ಎಲ್ಗಿ ಟೋಬಿನ್ ಜೊತೆ ಪೊಲಾರ್ಡ್ ಆಡುತ್ತಲೇ ಕೋಚ್ ಆದರು. ಮಿಲ್ವಾಕೀ, ಹ್ಯಾಮಂಡ್, ಪ್ರಾವಿಡೆನ್ಸ್ ತಂಡಗಳಿಗೂ ಆಡಿ, 1926ರಲ್ಲಿ ಮತ್ತೆ ಆಕ್ರನ್‌ನಲ್ಲೇ ಅವರ ಲೀಗ್ ಆಟ ಮುಗಿಯಿತು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಕಥೆ. 1933ರ ನಂತರ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಉಳಿಯಲಿಲ್ಲ. ಹಾಗೆಂದು ಬರೆದಿಟ್ಟ ನಿಯಮವೇನೂ ಇರಲಿಲ್ಲ, ಮಾಲೀಕರ ಮೌನ ಒಪ್ಪಂದವೇ ಸಾಕಾಯಿತು. ಅತ್ತ ಪೊಲಾರ್ಡ್ ನ್ಯೂಯಾರ್ಕ್‌ನಲ್ಲಿ ಬ್ರೌನ್ ಬಾಂಬರ್ಸ್ ಎಂಬ ಕಪ್ಪು ಆಟಗಾರರ ತಂಡಕ್ಕೆ ಕೋಚ್ ಆಗಿ, ಆಡಬಲ್ಲವರು ಎಷ್ಟು ಮಂದಿ ಇದ್ದಾರೆಂದು ತೋರಿಸುತ್ತಿದ್ದರು. ಬಾಗಿಲು ತೆರೆದದ್ದು 1946ರಲ್ಲಿ. ಲಾಸ್ ಏಂಜಲೀಸ್‌ಗೆ ಬಂದ ರ‍್ಯಾಮ್ಸ್ ತಂಡಕ್ಕೆ ಅಲ್ಲಿನ ಕೊಲಿಸಿಯಂ ಬೇಕಿತ್ತು. ಸಾರ್ವಜನಿಕರ ದುಡ್ಡಿನ ಕ್ರೀಡಾಂಗಣದಲ್ಲಿ ಬಿಳಿಯರ ತಂಡವಷ್ಟೇ ಆಡುವುದು ಹೇಗೆ ಎಂದು ಕಪ್ಪು ಪತ್ರಕರ್ತರು ಪಟ್ಟು ಹಿಡಿದರು. ಕಪ್ಪು ಆಟಗಾರರಾದ ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ತಂಡ ಸೇರಿದರು.

ಆಟಗಾರರಿಗೆ ದಾರಿಯಾಯಿತು, ಕೋಚ್‌ಗಳಿಗೆ ಆಗಲಿಲ್ಲ. ಪೊಲಾರ್ಡ್ ತೀರಿಕೊಂಡದ್ದು 1986ರ ಮೇ ತಿಂಗಳಲ್ಲಿ, 92ನೇ ವಯಸ್ಸಿನಲ್ಲಿ. ತಮ್ಮ ನಂತರ ಲೀಗ್‌ನ ಎರಡನೆಯ ಕಪ್ಪು ಹೆಡ್ ಕೋಚ್ ಆಗಿ ಶೆಲ್ ಬಂದದ್ದನ್ನು ಅವರು ನೋಡಲಿಲ್ಲ. ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2005ರಲ್ಲಿ.